ಕಟ್-ಪೇಸ್ಟ್ ಮಾಡಿದ್ದು ಬ್ಯಾಕಪ್ ಅಲ್ಲ

ಕೆಟ್ಟುಹೋದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಿಡಿದು ಬಂದವರನ್ನು ಮೊದಲು ಕೇಳುವುದು ಒಂದೇ: 'ಇದರಲ್ಲಿರೋದು ಬೇರೆ ಎಲ್ಲಾದರೂ ಇದೆಯಾ?' ಬಹುತೇಕರ ಉತ್ತರವೂ ಒಂದೇ: 'ಇಲ್ಲ ಸರ್, ಇದೇ ನಮ್ಮ ಬ್ಯಾಕಪ್ಪು.'

ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ತೀರಿಕೊಂಡ ಅಜ್ಜಿಯ ದನಿ, ವರ್ಷಗಟ್ಟಲೆ ಕೂತು ಬರೆದ ಪ್ರಬಂಧ ಎಲ್ಲವೂ ಆ ಒಂದೇ ಡಬ್ಬಿಯೊಳಗೆ. ಅವರು ಅಜಾಗರೂಕರಲ್ಲ. ಜಾಗರೂಕರಾಗಿದ್ದಕ್ಕೇ ಡಿಸ್ಕ್ ಕೊಂಡರು. ಆದರೆ ಲ್ಯಾಪ್‌ಟಾಪ್ ತುಂಬಿ ಕೆಂಪು ಪಟ್ಟಿ ಕಾಣಿಸಿಕೊಂಡ ದಿನ ಕೊಂಡು, ಫೋಟೊ ಫೋಲ್ಡರ್ ಪೂರ್ತಿ ಕಟ್ ಮಾಡಿ ಅದರಲ್ಲಿ ಪೇಸ್ಟ್ ಮಾಡಿದರು. ನಿನ್ನೆ ಫೈಲು ಒಂದು ಕಡೆ ಇತ್ತು, ಇವತ್ತೂ ಒಂದೇ ಕಡೆ ಇದೆ. ಮುಂಚೆ ಲ್ಯಾಪ್‌ಟಾಪ್‌ನೊಳಗೆ ಭದ್ರವಾಗಿದ್ದದ್ದು ಈಗ ಬ್ಯಾಗಿನಲ್ಲಿ ಓಡಾಡುವ, ಮೇಜಿನಿಂದ ಜಾರುವ ವಸ್ತುವಿಗೆ ಬಂದಿದೆ. ಅಪಾಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಇದು ಎಷ್ಟು ಸಲ ಹೇಳಿದರೂ ತಲೆಗೆ ಇಳಿಯುವುದಿಲ್ಲವಾದ್ದರಿಂದ ಬೇರೆ ರೀತಿ ಕೇಳುತ್ತೇನೆ. ನಿಮ್ಮ ಹಾರ್ಡ್ ಡಿಸ್ಕ್ ಈ ಕ್ಷಣ ಬಾವಿಗೆ ಬಿತ್ತು ಅಂದುಕೊಳ್ಳಿ. ಏನು ಕಳೆದುಕೊಂಡಿರಿ? 'ಡಿಸ್ಕ್ ಹೋಯಿತು, ಫೈಲೆಲ್ಲ ಲ್ಯಾಪ್‌ಟಾಪ್‌ನಲ್ಲಿದೆ' ಅಂದರೆ ಅದು ಬ್ಯಾಕಪ್. 'ಅಯ್ಯೋ, ಮದುವೆ ಫೋಟೊ!' ಅಂದರೆ ಅದು ಬ್ಯಾಕಪ್ ಅಲ್ಲ, ಫೈಲು ಇರುವ ಏಕೈಕ ಜಾಗ. ಡಿಸ್ಕ್‌ಗೆ ಬ್ಯಾಕಪ್ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಬ್ಯಾಕಪ್ ಆಗುವುದಿಲ್ಲ. ಎರಡನೆಯ ಪ್ರತಿ ಇದ್ದರೆ ಮಾತ್ರ ಆಗುತ್ತದೆ.

ಇದು ಮನಸ್ಸಿಗೆ ಬಂದರೆ ಏನು ಕೊಳ್ಳಬೇಕು ಎಂಬುದೂ ಬದಲಾಗುತ್ತದೆ. ಕೈಯಲ್ಲಿರುವ ಹಣಕ್ಕೆ ಒಂದು 4 ಟಿಬಿ ಡಿಸ್ಕ್ ಬರುವುದಾದರೆ ಅದನ್ನು ಬಿಟ್ಟು ಚಿಕ್ಕವು ಎರಡು ಕೊಳ್ಳಿ. ಟಿಬಿ ಲೆಕ್ಕದಲ್ಲಿ ಚಿಕ್ಕದು ಸ್ವಲ್ಪ ದುಬಾರಿ ಬೀಳುತ್ತದೆ, ನಿಜ. ಆದರೂ ಸಾಧಾರಣದ ಎರಡು ಡಿಸ್ಕ್ ಸೇರಿ ಕೊಡುವ ಭದ್ರತೆಯನ್ನು ಎಷ್ಟೇ ಒಳ್ಳೆಯ ಒಂದು ಡಿಸ್ಕ್ ಕೊಡಲಾರದು. ಸಾಧ್ಯವಾದರೆ ಎರಡನ್ನೂ ಬೇರೆ ಬೇರೆ ಕಂಪನಿಯದು ತೆಗೆದುಕೊಳ್ಳಿ. ಒಂದೇ ಬ್ಯಾಚಿನವು ಒಂದೇ ದೋಷ ಹೊತ್ತು ಬರಬಹುದು. ಒಂದಕ್ಕೆ ಮಾತ್ರ ಹಣವಿದ್ದರೆ ಒಂದೇ ಸಾಕು, ಲ್ಯಾಪ್‌ಟಾಪ್‌ನಲ್ಲಿರುವುದನ್ನು ಅಳಿಸದೆ ಇದ್ದರೆ.

ಎಷ್ಟು ದೊಡ್ಡದು ಬೇಕು? ಈಗಿರುವ ಫೈಲುಗಳ ಒಟ್ಟು ಗಾತ್ರ ನೋಡಿ, ಅದರ ಎರಡರಷ್ಟು. 400 ಜಿಬಿ ಇದ್ದವರಿಗೆ 1 ಟಿಬಿ ಧಾರಾಳ. ಮನೆಗೆ ತಂದು ಹಚ್ಚಿದಾಗ ವಿಂಡೋಸ್ 931 ಜಿಬಿ ಅಂತ ತೋರಿಸಿದರೆ ಗಾಬರಿ ಬೇಡ. ಕಂಪನಿಯವರು ಸಾವಿರದಿಂದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1,024ರಿಂದ ಭಾಗಿಸುತ್ತದೆ. ಜಾಗ ಎಲ್ಲೂ ಹೋಗಿಲ್ಲ. 2 ಟಿಬಿ ಡಿಸ್ಕ್ 1.81 ಎಂದು ಕಾಣುವುದೂ ಇದೇ ಕಾರಣಕ್ಕೆ.

ಅಂಗೈಯಗಲದ 2.5 ಇಂಚಿನದು ಯುಎಸ್‌ಬಿ ವೈರಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ, ಮನೆ ಬಳಕೆಗೆ ಅದೇ ಸರಿ. 3.5 ಇಂಚಿನದಕ್ಕೆ ಬೇರೆ ಅಡಾಪ್ಟರ್ ಬೇಕು. ಯುಎಸ್‌ಬಿ 3.0 ಇದ್ದರೆ ಸಾಕು. ಒಳಗೆ ತಿರುಗುವ ತಟ್ಟೆಯೇ ಸೆಕೆಂಡಿಗೆ 100ರಿಂದ 140 ಎಂಬಿ ಮಾತ್ರ ಕೊಡುವಾಗ, ಇನ್ನೂ ವೇಗದ ಪೋರ್ಟ್ ಎಂದು ಹೆಚ್ಚು ಹಣ ಕೊಡುವುದು ವ್ಯರ್ಥ. ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಮಾತ್ರ ಹಚ್ಚಬೇಡಿ: 500 ಜಿಬಿ ಕಾಪಿಗೆ ಒಂದೂಕಾಲು ಗಂಟೆಯ ಬದಲು ನಾಲ್ಕು ಗಂಟೆ ಹಿಡಿಯುತ್ತದೆ. ಕಡಿಮೆ ಬೆಲೆಯ ಡಿಸ್ಕ್‌ಗಳಲ್ಲಿ ಬಹಳಷ್ಟು ಎಸ್‌ಎಂಆರ್ ಮಾದರಿಯವು. ಅವುಗಳಲ್ಲಿ ದತ್ತಾಂಶದ ಹಾದಿಗಳು ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹೊದ್ದಿರುತ್ತವೆ, ಹಾಗಾಗಿ ನೂರಾರು ಜಿಬಿ ಒಟ್ಟಿಗೆ ತುಂಬಿದರೆ ನಡುವೆ ವೇಗ ಕುಸಿಯುತ್ತದೆ. ಬ್ಯಾಕಪ್‌ಗೆ ಅದರಿಂದ ತೊಂದರೆ ಇಲ್ಲ, ತಾಳ್ಮೆ ಇರಲಿ. ಕೆಟ್ಟಿದೆ ಎಂದು ನಡುವೆ ವೈರ್ ಕೀಳಬೇಡಿ.

ಕಂಪನಿ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಜಗತ್ತಿನಲ್ಲಿ ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಮಿಕ್ಕವರು ಇವರದ್ದನ್ನೇ ತಮ್ಮ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಮೂವರ ಡಿಸ್ಕೂ ಒಂದಲ್ಲ ಒಂದು ದಿನ ಕೆಡುತ್ತದೆ. ವಾರಂಟಿ ಎಷ್ಟು ವರ್ಷ ಎಂದು ನೋಡಿ, ಆದರೆ ವಾರಂಟಿಯಲ್ಲಿ ಸಿಗುವುದು ಖಾಲಿ ಡಿಸ್ಕ್, ನಿಮ್ಮ ಫೋಟೊ ಅಲ್ಲ.

ಇಲ್ಲಿ ಒಂದು ಮೋಸದ ಬಗ್ಗೆ ಬಿಡಿಸಿ ಹೇಳಲೇಬೇಕು. ಹೆಸರೇ ಕೇಳಿರದ ಕಂಪನಿಯ 16 ಟಿಬಿ ಪೋರ್ಟಬಲ್ ಡಿಸ್ಕ್, ಅದೂ 1 ಟಿಬಿಯ ಬೆಲೆಗಿಂತ ಕಡಿಮೆಗೆ ಸಿಗುತ್ತಿದ್ದರೆ, ಅದು ನಕಲಿ. 2.5 ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳು ಇನ್ನೂ 5-6 ಟಿಬಿಯ ಆಸುಪಾಸಿನಲ್ಲೇ ಇವೆ. ನಕಲಿಯನ್ನು ಬಿಚ್ಚಿದರೆ ಒಳಗೆ ಒಂದು ಸಣ್ಣ ಮೆಮೊರಿ ಕಾರ್ಡ್ ಇರುತ್ತದೆ. ಗಾತ್ರ ಕೇಳಿದಾಗ ಸುಳ್ಳು ಹೇಳುವಂತೆ ಅದರೊಳಗೇ ಕೂತಿರುವ ತಂತ್ರಾಂಶ, ಅಂದರೆ ಫರ್ಮ್‌ವೇರ್ ತಿದ್ದಿರುತ್ತಾರೆ. ಮೊದಲ 64 ಜಿಬಿಯೋ 128 ಜಿಬಿಯೋ ಸರಿಯಾಗಿಯೇ ಕೂರುತ್ತದೆ. ಆಮೇಲೆ ಬರೆದದ್ದು ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಫೈಲಿನ ಹೆಸರು ಕಾಣುತ್ತದೆ, ಗಾತ್ರವೂ ಕಾಣುತ್ತದೆ, ತೆರೆದರೆ ಏನೂ ಇಲ್ಲ. ತಿಂಗಳುಗಟ್ಟಲೆ ಗೊತ್ತೇ ಆಗದಿರುವುದು ಇದರ ಕ್ರೌರ್ಯ.

ಆದ್ದರಿಂದ ಹೊಸ ಡಿಸ್ಕ್ ಬಂದ ದಿನವೇ ಫೈಲು ತುಂಬಬೇಡಿ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಎಷ್ಟು ಗಂಟೆ ಓಡಿದೆ ಎಂದು ನೋಡಿ. ಹೊಸದಾದರೆ ಸೊನ್ನೆ, ಒಂದು ಅಷ್ಟೇ ಇರಬೇಕು; ಸಾವಿರಾರು ಇದ್ದರೆ ಬಳಸಿದ್ದನ್ನು ಹೊಸದೆಂದು ಕೊಟ್ಟಿದ್ದಾರೆ. 05, ಸಿ5, ಸಿ6 ಸಂಖ್ಯೆಯ ಸಾಲುಗಳ ಕೊನೆಯಲ್ಲಿ ಸೊನ್ನೆಯೇ ಇರಬೇಕು. 05 ಎಂದರೆ ಕೆಟ್ಟು ಬದಲಾಯಿಸಲಾದ ಸೆಕ್ಟರ್‌ಗಳು (ಡಿಸ್ಕ್‌ನ ಸಣ್ಣ ಸಣ್ಣ ಖಾನೆಗಳು), ಸಿ5 ಎಂದರೆ ಓದಲು ತಿಣುಕುತ್ತಿರುವವು, ಸಿ6 ಎಂದರೆ ಸರಿಪಡಿಸಲಾಗದವು. ಹೊಸ ಡಿಸ್ಕ್‌ನಲ್ಲಿ ಇವು ಸೊನ್ನೆ ದಾಟಿದ್ದರೆ ವಾಪಸ್ ಕೊಡಿ. ನಂತರ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಪರೀಕ್ಷಾ ತಂತ್ರಾಂಶ ಹಾಕಿ ಪೂರ್ತಿ ಡಿಸ್ಕ್ ಬರೆದು ಓದಿಸಿ. 1 ಟಿಬಿಗೆ ಐದಾರು ಗಂಟೆಯಾದರೂ ಬೇಕು, ಲ್ಯಾಪ್‌ಟಾಪ್ ನಡುವೆ ನಿದ್ದೆಗೆ ಹೋಗದಂತೆ ಮಾಡಿ ರಾತ್ರಿ ಬಿಟ್ಟುಬಿಡಿ. ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಇದೆಲ್ಲ ಆಗಲಿ.

ಫಾರ್ಮ್ಯಾಟ್, ಅಂದರೆ ಫೈಲುಗಳನ್ನು ಜೋಡಿಸಿಡುವ ಕ್ರಮ, ಯಾವುದೆಂದು ಡಿಸ್ಕ್ ಖಾಲಿ ಇರುವಾಗಲೇ ತೀರ್ಮಾನಿಸಿ, ಆಮೇಲೆ ಬದಲಿಸಿದರೆ ಎಲ್ಲ ಅಳಿಯುತ್ತದೆ. ವಿಂಡೋಸ್ ಒಂದೇ ಆದರೆ ಎನ್‌ಟಿಎಫ್‌ಎಸ್. ಮ್ಯಾಕ್ ಅದನ್ನು ಓದುತ್ತದೆ, ತಾನಾಗಿ ಬರೆಯಲಾರದು. ಎರಡರಲ್ಲೂ ಬಳಸಬೇಕಿದ್ದರೆ ಎಕ್ಸ್‌ಫ್ಯಾಟ್. ಆದರೆ ಅದಕ್ಕೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ದಾಖಲೆ) ಇಲ್ಲ, ಇಜೆಕ್ಟ್ ಕೊಡದೆ ವೈರ್ ಎಳೆದರೆ ಫೋಲ್ಡರೇ ಹಾಳಾಗಬಹುದು. ಫ್ಯಾಟ್32 ಬೇಡ, 4 ಜಿಬಿ ಮುಟ್ಟಿದ ವಿಡಿಯೊ ಅದರಲ್ಲಿ ಕೂರುವುದಿಲ್ಲ.

ಇನ್ನು ಕಾಪಿ. ಕಟ್ ಅಲ್ಲ, ಕಾಪಿ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಬೈಟ್ ಎರಡೂ ತಾಳೆಯಾಗುತ್ತವೆಯೇ ನೋಡಿ. ಹತ್ತಿಪ್ಪತ್ತು ಫೈಲು ನಿಜಕ್ಕೂ ತೆರೆಯಿರಿ, ದೊಡ್ಡ ವಿಡಿಯೊಗಳನ್ನು ಕೊನೆಯವರೆಗೆ ಎಳೆದು ನೋಡಿ. ಪ್ರತಿ ಸಲ ಕೈಯಲ್ಲೇ ಮಾಡಲು ಬೇಸರವಾದರೆ ವಿಂಡೋಸ್‌ನ ಫೈಲ್ ಹಿಸ್ಟರಿ, ಮ್ಯಾಕ್‌ನ ಟೈಮ್ ಮಷೀನ್ ಇವೆ. ಅವು ಹಳೆಯ ಆವೃತ್ತಿಗಳನ್ನೂ ಉಳಿಸುತ್ತವೆ. ಮಿರರ್ ಅಥವಾ ಸಿಂಕ್ ಎಂಬ ಆಯ್ಕೆ ಒತ್ತುವ ಮುನ್ನ ಮಾತ್ರ ನಿಧಾನಿಸಿ. ಲ್ಯಾಪ್‌ಟಾಪ್‌ನಲ್ಲಿ ಕೈತಪ್ಪಿ ಅಳಿಸಿದ್ದನ್ನು ಅದು ಡಿಸ್ಕ್‌ನಲ್ಲೂ ನಿಷ್ಠೆಯಿಂದ ಅಳಿಸುತ್ತದೆ. ಜಾಗ ಖಾಲಿ ಮಾಡಲೆಂದು ಲ್ಯಾಪ್‌ಟಾಪ್‌ನಿಂದ ತೆಗೆಯಲೇಬೇಕಿದ್ದರೆ, ಆ ಫೈಲು ಎರಡೂ ಡಿಸ್ಕ್‌ನಲ್ಲಿ ತೆರೆಯುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ತೆಗೆಯಿರಿ.

ಕಾಪಿ ಮುಗಿಯಿತೆಂದರೆ ಇಜೆಕ್ಟ್ ಕೊಟ್ಟು ಬಿಚ್ಚಿಡಿ. ಸದಾ ಹಚ್ಚಿಟ್ಟ ಡಿಸ್ಕ್ ಅನುಕೂಲ ಅನ್ನಿಸುತ್ತದೆ, ಆದರೆ ಫೈಲುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಲ್ಯಾಪ್‌ಟಾಪ್ ಜೊತೆ ಹಚ್ಚಿದ ಡಿಸ್ಕನ್ನೂ ಬೀಗ ಹಾಕಿಬಿಡುತ್ತದೆ. ಎರಡು ಡಿಸ್ಕ್ ಇದ್ದವರು ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಎಂದು ಬಳಸಿ, ಬಿಡುವಿನಲ್ಲಿರುವುದನ್ನು ನೆಂಟರ ಮನೆಯಲ್ಲೋ ಕಚೇರಿಯ ಡ್ರಾಯರಿನಲ್ಲೋ ಇಡಿ. ಕಳ್ಳತನ, ಬೆಂಕಿ, ಸೋರುವ ಸೂರು ಇವೆಲ್ಲ ಒಂದು ಮನೆಯಲ್ಲಿರುವುದನ್ನು ಒಟ್ಟಿಗೇ ಕೊಂಡೊಯ್ಯುತ್ತವೆ. ಡಿಸ್ಕ್ ಮೇಲೆ ಚೀಟಿ ಅಂಟಿಸಿ ಕೊನೆಯ ಕಾಪಿಯ ತಾರೀಖು ಬರೆಯಿರಿ.

ಓಡುತ್ತಿರುವ ಡಿಸ್ಕನ್ನು ಎತ್ತಬೇಡಿ, ಮಗುಚಬೇಡಿ. ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುತ್ತದೆ, ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ವೈರ್ ಸಿಕ್ಕಿಸುವ ಪೋರ್ಟಿನ ಮೇಲೆ ಭಾರ ಬೀಳದಿರಲಿ. ಎಷ್ಟೋ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಆ ಪೋರ್ಟ್ ಡಿಸ್ಕ್‌ನ ಬೋರ್ಡಿಗೇ ಬೆಸೆದಿರುತ್ತದೆ, ಕಿತ್ತುಬಂದರೆ ಬೇರೆ ಕೇಸಿಗೆ ಹಾಕಿ ಓದಿಸಲು ಆಗುವುದಿಲ್ಲ.

ಬಿದ್ದ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಆ ಕೂಡಲೇ ವೈರ್ ತೆಗೆಯಿರಿ. 'ಇನ್ನೊಂದು ಸಲ ನೋಡೋಣ' ಎಂದು ಹಚ್ಚಿದಷ್ಟೂ ಹೆಡ್ ತಟ್ಟೆಯನ್ನು ಗೀರುತ್ತದೆ. ಫ್ರಿಜ್‌ನಲ್ಲಿಡುವುದು, ತಟ್ಟುವುದು, ಮನೆಯಲ್ಲೇ ಬಿಚ್ಚುವುದು ಯಾವುದೂ ಬೇಡ. ಎರಡನೆಯ ಡಿಸ್ಕ್ ಇದೆಯೆಂದು ನಿರಾಳವಾಗಿ ಕೂರಲೂ ಬೇಡಿ, ಲ್ಯಾಪ್‌ಟಾಪ್‌ನಿಂದ ಆಗಲೇ ತೆಗೆದಿರುವ ಫೈಲುಗಳಿಗೆ ಈಗ ಅದೊಂದೇ ಪ್ರತಿ. ಅದನ್ನು ತಂದು ಬೇರೇನೂ ಮಾಡದೆ, ಮೊದಲು ಹೊಸದೊಂದಕ್ಕೆ ಕಾಪಿ ಹಚ್ಚಿ.