ನಾಲ್ಕು ಡಿಸ್ಕ್ ಕಾಣುತ್ತವೆ, ಇರುವುದು ಒಂದೇ

ಹೊಸ ಸರ್ವರ್ ಬಂದಿದೆ. ಲಿನಕ್ಸ್ ಹಾಕಬೇಕು. ಇನ್‌ಸ್ಟಾಲರ್ ಭಾಷೆ ಕೇಳಿತು, ಕೀಬೋರ್ಡ್ ಕೇಳಿತು, ಆಮೇಲೆ ಡಿಸ್ಕ್ ಆರಿಸಿ ಅಂದಿತು. ಪರದೆ ಮೇಲೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ ಅಂತ ನಾಲ್ಕು ಹೆಸರು. ನಾಲ್ಕೂ 500 ಜಿಬಿ. ದಾವಣಗೆರೆಯ ಒಂದು ಕಾಲೇಜಿನ ಸರ್ವರ್ ಕೋಣೆಯಲ್ಲಿ ಇದನ್ನು ನೋಡಿದ ಹುಡುಗ ಖುಷಿಯಿಂದ ಕೇಳಿದ: “ಸಾರ್, ನಾಲ್ಕು ಡಿಸ್ಕ್ ಅದಾವ್ರಿ. ಒಂದಕ್ಕೆ ಓಎಸ್ ಹಾಕಿ ಉಳಿದ ಮೂರು ಡೇಟಾಕ್ಕೆ ಇಟ್ಕೊಳ್ಳೋಣೇನ್ರಿ?”

ಅಲ್ಲಿದ್ದದ್ದು ಒಂದೇ ಡಿಸ್ಕ್. ಅದೂ ಸರ್ವರ್ ಒಳಗಿಲ್ಲ, ಪಕ್ಕದ ರ‍್ಯಾಕ್‌ನ ಸ್ಟೋರೇಜ್ ಪೆಟ್ಟಿಗೆಯಲ್ಲಿದೆ. ಸರ್ವರ್‌ನಲ್ಲಿ ಎರಡು ಫೈಬರ್ ಚಾನೆಲ್ ಕಾರ್ಡ್, ಅಂದರೆ ಸ್ಟೋರೇಜ್‌ಗೆ ಬೆಳಕಿನ ಕೇಬಲ್‌ನಲ್ಲಿ ಜೋಡಿಸುವ ಕಾರ್ಡ್. ಒಂದೊಂದು ಕಾರ್ಡಿನ ಕೇಬಲ್ ಒಂದೊಂದು ಸ್ವಿಚ್‌ಗೆ ಹೋಗುತ್ತದೆ. ಪ್ರತಿ ಸ್ವಿಚ್‌ನಿಂದ ಸ್ಟೋರೇಜ್‌ನ ಎರಡೂ ಕಂಟ್ರೋಲರ್‌ಗೆ ದಾರಿ ಇದೆ. ಎರಡೆರಡ್ಲ ನಾಲ್ಕು ದಾರಿ. ಲಿನಕ್ಸ್ ದಾರಿಗೊಂದು ಹೆಸರು ಕೊಟ್ಟಿದೆ, ಅಷ್ಟೇ.

ಮೂಲೆ ಸೈಟಿನ ದೊಡ್ಡ ಮನೆಯೊಂದಕ್ಕೆ ನಾಲ್ಕು ಬಾಗಿಲು ಅಂದುಕೊಳ್ಳಿ. ಜನಗಣತಿಗೆ ಬಂದವರು ಬೀದಿ ಬೀದಿ ಸುತ್ತಿ ಬಾಗಿಲಿಗೊಂದು ಮನೆ ಅಂತ ಬರೆದುಕೊಂಡರೆ ಆ ಮನೆಯ ಜನ ನಾಲ್ಕು ಸಲ ಎಣಿಕೆಯಾಗುತ್ತಾರೆ. ಮನೆ ನಂಬರ್ ಕೇಳಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಒಂದೇ ಡಿಸ್ಕಿಗೆ ಹೋಗುವ ಹಲವು ದಾರಿಗಳನ್ನು ಸೇರಿಸಿ ನಡೆಸುವ ವ್ಯವಸ್ಥೆಗೆ ಮಲ್ಟಿಪಾಥ್ ಅಂತಾರೆ. ಅದು ಮಾಡುವ ಮೊದಲ ಕೆಲಸವೇ ಮನೆ ನಂಬರ್ ಕೇಳುವುದು.

ಈ ನಂಬರಿನ ವ್ಯವಸ್ಥೆ ಬಹಳ ಚೆನ್ನಾಗಿದೆ. ಪ್ರತಿ ಸ್ಕಸಿ ಡಿಸ್ಕ್ (ಸ್ಕಸಿ ಅಂದರೆ ಕಂಪ್ಯೂಟರ್ ಡಿಸ್ಕ್ ಜೊತೆ ಮಾತಾಡುವ ಭಾಷೆ) ತನ್ನ ಪರಿಚಯವನ್ನು 83ನೇ ಪುಟ ಅಂತ ಕರೆಯುವ ಒಂದು ಜಾಗದಲ್ಲಿ ಇಟ್ಟಿರುತ್ತದೆ. 83 ಹದಿನಾರರ ಲೆಕ್ಕದ ಸಂಖ್ಯೆ. ಯಾವ ದಾರಿಯಿಂದ ಕೇಳಿದರೂ ಅಲ್ಲಿಂದ ಬರುವ ಉತ್ತರ ಒಂದೇ. ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳು ಸಾಮಾನ್ಯವಾಗಿ 128 ಬಿಟ್‌ಗಳ ಗುರುತು ಕೊಡುತ್ತವೆ. ಅದರಲ್ಲಿ ಮೊದಲ 4 ಬಿಟ್ ಯಾವ ಬಗೆಯ ಗುರುತು ಅಂತ ಹೇಳುತ್ತವೆ. ನಂತರದ 24 ಬಿಟ್ ತಯಾರಿಸಿದ ಕಂಪನಿಯದ್ದು. ಅವನ್ನು ಐಇಇಇ ಅನ್ನುವ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಹಂಚುತ್ತದೆ, ಹಾಗಾಗಿ ಇಬ್ಬರಿಗೆ ಒಂದೇ ನಂಬರ್ ಬರುವುದಿಲ್ಲ. ಉಳಿದ 100 ಬಿಟ್ ಕಂಪನಿ ತನ್ನ ಲೆಕ್ಕದಲ್ಲಿ ತುಂಬುತ್ತದೆ. ಲಿನಕ್ಸ್ ಇದರ ಮುಂದೆ ಒಂದು 3 ಸೇರಿಸುತ್ತದೆ. 3600 ಅಂತ ಶುರುವಾಗುವ, 33 ಅಕ್ಷರದ ಆ ಉದ್ದನೆ ಸಾಲು ನೋಡಿ ಗಾಬರಿಯಾಗುವವರು ಜಾಸ್ತಿ. ನನಗಂತೂ ಅದು ಇಡೀ ವ್ಯವಸ್ಥೆಯ ಅತಿ ಚೆಂದದ ಭಾಗ. ನಾಲ್ಕು ಹೆಸರಿನ ಎದುರೂ ಅದೇ ಸಾಲು ಕಂಡರೆ ನಾಲ್ಕೂ ಒಂದೇ ಡಿಸ್ಕ್. ಊಹೆ ಬೇಕಿಲ್ಲ.

ಗುರುತು ಹಿಡಿದ ಮೇಲೆ ನಾಲ್ಕನ್ನೂ ಸೇರಿಸಿ ಎಂಪಾಥ್‌ಎ ಅಂತ ಒಂದೇ ಹೊಸ ಹೆಸರು ಕೊಡುತ್ತಾರೆ. 2003ರ ಕೊನೆಗೆ ಬಂದ 2.6 ಕರ್ನಲ್‌ನಲ್ಲಿ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಡಿವೈಸ್ ಮ್ಯಾಪರ್ ಅನ್ನುವ ಪದರ ಸೇರಿತು. ಈ ಕೆಲಸ ನಡೆಯುವುದು ಅದರ ಮೇಲೆ. ಅದನ್ನು ನಡೆಸುವ ಮಲ್ಟಿಪಾಥ್ ಟೂಲ್ಸ್ ಶುರು ಮಾಡಿದವರು ಕ್ರಿಸ್ತೋಫ್ ವಾರೋಕಿ. ಇನ್ನು ಮುಂದೆ ಓದುವುದು, ಬರೆಯುವುದು ಎಲ್ಲ ಎಂಪಾಥ್‌ಎ ಮೂಲಕ. ಯಾವ ಬಾಗಿಲಿನಿಂದ ಹೋಗಬೇಕು ಅನ್ನುವುದು ಕರ್ನಲ್‌ಗೆ ಬಿಟ್ಟದ್ದು.

ಇಲ್ಲಿಗೆ ನನ್ನ ತಕರಾರು ಶುರು. “ಎರಡು ಕಾರ್ಡ್ ಇದೆ, ಎರಡು ಸ್ವಿಚ್ ಇದೆ, ವೈರ್ ಹಾಕಿದೀವಿ. ಮಲ್ಟಿಪಾಥ್ ಆಮೇಲೆ ಮಾಡಿದರಾಯ್ತು” ಅನ್ನುವ ಮಾತು ಎಷ್ಟು ಕಡೆ ಕೇಳಿಲ್ಲ! ಡೇಟಾ ಡಿಸ್ಕ್ ಆಗಿದ್ದರೆ ಸರಿ, ಆಮೇಲೆ ಮಾಡಬಹುದು. ಓಎಸ್ ಕೂತಿರುವ ಡಿಸ್ಕೇ ಸ್ಟೋರೇಜ್‌ನಲ್ಲಿದ್ದರೆ ಹಾಗಲ್ಲ.

ಯಾಕೆ ಅಂದರೆ, ಓಎಸ್ ಏಳುವಾಗ ಮೊದಲು ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಸಣ್ಣ ಗಂಟೊಂದು ಮೆಮೊರಿಗೆ ಬರುತ್ತದೆ. ನಿಜವಾದ ಡಿಸ್ಕನ್ನು ಹುಡುಕಿ ಮೌಂಟ್ ಮಾಡುವುದು, ಅಂದರೆ ಬಳಕೆಗೆ ಜೋಡಿಸುವುದು, ಅದರ ಕೆಲಸ. ಅದರೊಳಗೆ ಮಲ್ಟಿಪಾಥ್ ಇಲ್ಲದಿದ್ದರೆ ಅದು ಮೊದಲು ಕಣ್ಣಿಗೆ ಬಿದ್ದ ಎಸ್‌ಡಿಎಯನ್ನೇ ಹಿಡಿದುಕೊಳ್ಳುತ್ತದೆ. ಮೌಂಟ್ ಯುಯುಐಡಿ (ಫೈಲ್‌ಸಿಸ್ಟಂಗೆ ಕೊಟ್ಟ ಗುರುತಿನ ನಂಬರ್) ನೋಡಿ ಆಗುತ್ತೆ, ತೊಂದರೆ ಇಲ್ಲ ಅಂತ ಕೆಲವರು ವಾದಿಸುತ್ತಾರೆ. ನಾಲ್ಕೂ ದಾರಿಯಲ್ಲಿ ಕಾಣುವುದು ಒಂದೇ ಫೈಲ್‌ಸಿಸ್ಟಂ, ಯುಯುಐಡಿಯೂ ಒಂದೇ. ಮೊದಲು ಬಂದದ್ದು ಗೆಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮಲ್ಟಿಪಾಥ್ ನಡೆಸುವ ಮಲ್ಟಿಪಾಥ್‌ಡಿ ಅನ್ನುವ ಪ್ರೋಗ್ರಾಂ ಎದ್ದು ನಾಲ್ಕನ್ನೂ ಸೇರಿಸಲು ಹೋದರೆ ಎಸ್‌ಡಿಎ ಆಗಲೇ ಬಳಕೆಯಲ್ಲಿದೆ, ಸಿಗುವುದಿಲ್ಲ. ಡಿಸ್ಕಿನ ಜಾಗ ಹಂಚಿಕೊಡುವ ಎಲ್‌ವಿಎಂ ಇದ್ದರೆ ಅದು ಡೂಪ್ಲಿಕೇಟ್ ಇದೆ ಅಂತ ಗೊಣಗುತ್ತದೆ. ಮೇಲ್ನೋಟಕ್ಕೆ ಸಿಸ್ಟಂ ಆರಾಮಾಗಿ ಓಡುತ್ತಿರುತ್ತದೆ, ಒಂದೇ ದಾರಿ ಮೇಲೆ. ಆ ಕೇಬಲ್ ಕಿತ್ತು ಬಂದ ದಿನ ಉಳಿದ ಮೂರು ದಾರಿ ಚೆನ್ನಾಗಿದ್ದೂ ಸರ್ವರ್ ಬೀಳುತ್ತದೆ.

ಆಮೇಲೆ ರಿಪೇರಿ ಮಾಡಲಾಗದು ಅಂತಲ್ಲ. ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕು, ಎಲ್‌ವಿಎಂ ಫಿಲ್ಟರ್ ತಿದ್ದಬೇಕು, ರೀಸ್ಟಾರ್ಟ್ ಮಾಡಬೇಕು. ಜನ ಕೆಲಸ ಮಾಡುತ್ತಿರುವ ಸರ್ವರ್ ಮೇಲೆ ಇದೆಲ್ಲ ಯಾಕೆ ಬೇಕು? ಇನ್‌ಸ್ಟಾಲ್ ಮಾಡುವಾಗ ಎರಡು ನಿಮಿಷದ ಕೆಲಸ ಇದು. ರೆಡ್ ಹ್ಯಾಟ್, ಸೂಸೆ, ಡೆಬಿಯನ್ ಅಂತ ಲಿನಕ್ಸ್‌ನಲ್ಲಿ ಬೇರೆ ಬೇರೆ ಬಗೆಗಳಿವೆ. ರೆಡ್ ಹ್ಯಾಟ್‌ನಲ್ಲಿ ಮಾಮೂಲಿ ಡಿಸ್ಕ್ ಪಟ್ಟಿ ಬಿಟ್ಟು ವಿಶೇಷ ಮತ್ತು ನೆಟ್‌ವರ್ಕ್ ಡಿಸ್ಕ್‌ಗಳ ಪರದೆಗೆ ಹೋಗಿ, ಅಲ್ಲಿ ಮಲ್ಟಿಪಾಥ್ ಡಿಸ್ಕ್ ಬೇರೆಯೇ ಕಾಣುತ್ತದೆ. ಸೂಸೆ ತಾನೇ ಕಂಡುಹಿಡಿದು ಶುರು ಮಾಡಲೇ ಅಂತ ಕೇಳುತ್ತದೆ. ಡೆಬಿಯನ್‌ನಲ್ಲಿ ಬೂಟ್ ಸಾಲಿನಲ್ಲೇ ಮಲ್ಟಿಪಾಥ್ ಬೇಕು ಅಂತ ಹೇಳಬೇಕು, ಅದು ಕೇಳದೆ ಕೊಡುವುದಿಲ್ಲ. ಒಂದು ಎಚ್ಚರಿಕೆ: ಗೊಂದಲ ಬೇಡ ಅಂತ ಇನ್‌ಸ್ಟಾಲ್ ಹೊತ್ತಿಗೆ ಒಂದೇ ಕೇಬಲ್ ಹಾಕಿಡುವ ಅಭ್ಯಾಸ ವಿಂಡೋಸ್ ಸರ್ವರ್‌ನಿಂದ ಬಂದದ್ದು. ಅಲ್ಲಿ ಎಂಪಿಐಒ (ವಿಂಡೋಸ್‌ನ ಮಲ್ಟಿಪಾಥ್) ಅನ್ನು ಆಮೇಲೆ ಸೇರಿಸುತ್ತಾರೆ. ಲಿನಕ್ಸ್‌ನಲ್ಲಿ ಅದೇ ಅಭ್ಯಾಸ ಕೈಕೊಡುತ್ತದೆ. ಒಂದೇ ದಾರಿ ಕಂಡರೆ ಇದು ಮಾಮೂಲಿ ಡಿಸ್ಕ್ ಅಂತಲೇ ಇನ್‌ಸ್ಟಾಲರ್ ತಿಳಿಯುವುದು ಜಾಸ್ತಿ.

ದಾರಿ ಕೆಡುವುದು ಕೇಬಲ್ ಕಿತ್ತು ಬಂದಾಗ ಮಾತ್ರ ಅಲ್ಲ, ಧೂಳು ಕೂತರೂ ಕೆಡುತ್ತದೆ. ಹಾಗಾಗಿ ಕುಂಕುಮದ ಬಗ್ಗೆ ಒಂದು ಮಾತು. ನಮ್ಮ ಕಡೆ ಆಯುಧ ಪೂಜೆಗೆ ಮಿಲ್ಲಿನ ಮಗ್ಗಕ್ಕೂ ಪೂಜೆ, ಲಾರಿಗೂ ಪೂಜೆ, ಸರ್ವರ್‌ಗೂ ಪೂಜೆ. ನನಗೆ ಅದರ ಬಗ್ಗೆ ಬೇಜಾರಿಲ್ಲ. ರ‍್ಯಾಕ್ ಬಾಗಿಲಿಗೆ ಬೊಟ್ಟು ಇಡಿ, ನಿಂಬೆಹಣ್ಣು ಹೊರಗೆ ಕಟ್ಟಿ. ಬಾಗಿಲು ತೆಗೆದು ಸ್ವಿಚ್ ಮೇಲೆ ಕುಂಕುಮ ಎರಚಬೇಡಿ. ಈ ಕೋಣೆಗಳಲ್ಲಿ ಬಳಸುವ ಫೈಬರ್‌ನಲ್ಲಿ ಬೆಳಕು ಹರಿಯುವ ತಿರುಳಿನ ಅಗಲ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಖಾಲಿ ಪೋರ್ಟಿಗೆ ಬಿದ್ದ ಧೂಳು ಮುಂದೆ ಕೇಬಲ್ ಚುಚ್ಚಿದಾಗ ಆ ತಿರುಳಿನ ಮುಂದೆಯೇ ಒತ್ತಿ ಕೂರುತ್ತದೆ. ಬೆಳಕು ಪೂರ್ತಿ ನಿಲ್ಲುವುದಿಲ್ಲ, ಮಂಕಾಗುತ್ತದೆ. ಪೂರ್ತಿ ನಿಂತಿದ್ದರೇ ವಾಸಿ ಇತ್ತು.

ಮಲ್ಟಿಪಾಥ್‌ಡಿ ದಾರಿಗಳ ಮೇಲೆ ಕಣ್ಣಿಡುವುದು ಹೀಗೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ಸೆಕೆಂಡಿಗೊಮ್ಮೆಯಂತೆ ಶುರುವಾಗಿ, ದಾರಿ ನೆಟ್ಟಗಿದ್ದರೆ ಅಂತರ ಹೆಚ್ಚಿಸುತ್ತಾ ಪ್ರತಿ ದಾರಿಯಲ್ಲೂ “ರೆಡಿ ಇದೀಯಾ?” ಅನ್ನುವ ಸಣ್ಣ ಸ್ಕಸಿ ಆಜ್ಞೆ ಕಳಿಸುತ್ತದೆ. ಉತ್ತರ ಬಾರದಿದ್ದರೆ ಆ ದಾರಿಯನ್ನು ಫೇಲ್ ಅಂತ ಗುರುತಿಸುತ್ತದೆ. ಆ ದಾರಿಯಲ್ಲಿ ಹೋಗಿ ವಾಪಸ್ ಬಿದ್ದ ಓದು-ಬರಹವನ್ನು ಡಿವೈಸ್ ಮ್ಯಾಪರ್ ಇನ್ನೊಂದು ದಾರಿಗೆ ಹಾಕುತ್ತದೆ. ಡೇಟಾಬೇಸ್‌ಗೆ ಸ್ವಲ್ಪ ತಡವಾಯಿತು ಅಂತ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಆದರೆ ಆ ಸಣ್ಣ ಆಜ್ಞೆಯಲ್ಲಿ ಡೇಟಾ ಇರುವುದಿಲ್ಲ. ಮಂಕು ದಾರಿಯಲ್ಲೂ ಅದು ದಾಟಿಬಿಡುತ್ತದೆ. ಹಿಂದೆ ಬರುವ ದೊಡ್ಡ ಡೇಟಾ ಮಾತ್ರ ಹಾದಿಯಲ್ಲಿ ಕೆಡುತ್ತದೆ. ಆಗ ದಾರಿ ಫೇಲ್ ಆಗುತ್ತದೆ. ಸ್ವಲ್ಪ ಹೊತ್ತಿಗೆ ಪರೀಕ್ಷೆ ಪಾಸಾಗಿ ಮತ್ತೆ ಚಾಲೂ. ಮತ್ತೆ ಡೇಟಾ, ಮತ್ತೆ ಫೇಲ್. ದಿನವಿಡೀ ಇದೇ ಆಟ. ಒಂದು ಸ್ಕಸಿ ಆಜ್ಞೆ ಉತ್ತರಕ್ಕಾಗಿ ಕಾಯುವುದು ಮಾಮೂಲಿಯಾಗಿ 30 ಸೆಕೆಂಡ್. ಕಚೇರಿಯಲ್ಲಿ ಪರದೆ ನಿಂತು ನಿಂತು ಓಡುತ್ತದೆ, “ಸರ್ವರ್‌ಗೆ ದೃಷ್ಟಿಯಾಗಿದೆ” ಅನ್ನುವ ಮಾತು ಹುಟ್ಟುತ್ತದೆ, ಇನ್ನೊಂದು ಸುತ್ತು ಕುಂಕುಮ ಬೀಳುತ್ತದೆ. ಇಂಥ ಅರೆಜೀವದ ದಾರಿಗಳನ್ನು ಪಕ್ಕಕ್ಕಿಡಲು ಈಗ ಮಾರ್ಜಿನಲ್ ಪಾಥ್ ಅಂತ ಬೇರೆ ಸೆಟ್ಟಿಂಗ್‌ಗಳೇ ಇವೆ. ಅದಕ್ಕಿಂತ ಮೊದಲು ಕನೆಕ್ಟರ್ ಒರೆಸಿ.

ಒಂದಕ್ಕಿಂತ ಹೆಚ್ಚು ದಾರಿ ಇಡುವ ಯೋಚನೆ ಈ ಫೈಬರ್‌ಗಳಿಗಿಂತ ಹಳೆಯದು. ಅಣುಬಾಂಬ್ ಬಿದ್ದರೂ ಮಾತು ದಾಟಬೇಕು ಅಂತ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಪಾಲ್ ಬರಾನ್ ಲೆಕ್ಕ ಹಾಕಿ 1964ರಲ್ಲಿ ಪ್ರಕಟಿಸಿದರು. ಅಗತ್ಯಕ್ಕಿಂತ ಮೂರ‍್ನಾಲ್ಕು ಪಟ್ಟು ಕೊಂಡಿ ಇದ್ದರೆ ಸಾಕು, ಭಾರಿ ಹಾನಿಯಾದರೂ ಜಾಲ ಉಳಿಯುತ್ತದೆ ಅಂತ ಅವರು ತೋರಿಸಿದರು. ಡಿಸ್ಕಿಗೆ ಎರಡು ದಾರಿ ಇಟ್ಟು ಅದನ್ನೇ ವ್ಯಾಪಾರ ಮಾಡಿದ್ದು ಟ್ಯಾಂಡಂ ಕಂಪನಿ. 1976ರಲ್ಲಿ ಬ್ಯಾಂಕೊಂದಕ್ಕೆ ಹೋದ ಅದರ ಮೊದಲ ಯಂತ್ರದಲ್ಲೇ ಡಿಸ್ಕ್ ಕಂಟ್ರೋಲರ್‌ಗೆ ಎರಡು ಪೋರ್ಟ್ ಇದ್ದವು. ಬ್ಯಾಂಕಿನ ಗಿರಾಕಿ ಕೌಂಟರ್ ಮುಂದೆ ಕಾಯಬಾರದು ಅನ್ನುವುದೇ ಉದ್ದೇಶ. ನಮ್ಮ ಚಿತ್ರದುರ್ಗದ ನಾಯಕರ ಯೋಚನೆ ಇದಕ್ಕೆ ಪೂರ್ತಿ ಉಲ್ಟಾ ಬಿಡಿ, ಏಳು ಸುತ್ತು ಕಟ್ಟಿ ಒಳಗೆ ಬರುವ ದಾರಿ ಆದಷ್ಟು ಕಮ್ಮಿ ಮಾಡುವುದೇ ಅವರ ಕಸುಬಾಗಿತ್ತು.

ನಾಲ್ಕು ದಾರಿ ಅಂದರೆ ನಾಲ್ಕು ಪಟ್ಟು ವೇಗ ಅಂತ ಲೆಕ್ಕ ಹಾಕುವವರಿಗೂ ಒಂದು ಮಾತು. ಬಹಳ ಸ್ಟೋರೇಜ್‌ಗಳಲ್ಲಿ ಒಂದು ಡಿಸ್ಕಿನ ಯಜಮಾನಿಕೆ ಒಂದೇ ಕಂಟ್ರೋಲರ್‌ದು. ಅದರ ಕಡೆಯ ಎರಡು ದಾರಿಗೆ ಮಲ್ಟಿಪಾಥ್ ಕೊಡುವ ಆದ್ಯತೆ 50 ಅಂಕ, ಇನ್ನೊಂದರ ಕಡೆಯ ಎರಡಕ್ಕೆ 10. ಮೊದಲ ಗುಂಪು ಬದುಕಿರುವ ತನಕ ಎರಡನೆಯದು ಸುಮ್ನೆ ಕೂತಿರುತ್ತದೆ. ಇನ್ನು, ಮಲ್ಟಿಪಾಥ್ ಇದೆ ಅಂತ ಬ್ಯಾಕಪ್ ನಿಲ್ಲಿಸಿದವರೂ ಇದ್ದಾರೆ! ಡಿಸ್ಕ್ ಕೆಟ್ಟರೆ ಕಾಯುವುದು ಹಲವು ಡಿಸ್ಕ್ ಜೋಡಿಸಿಡುವ ರೇಡ್. ದಾರಿ ಕೆಟ್ಟರೆ ಕಾಯುವುದು ಮಲ್ಟಿಪಾಥ್. ನೀವೇ ಫೈಲ್ ಅಳಿಸಿದರೆ ಎರಡೂ ಕಾಯುವುದಿಲ್ಲ. ಅಳಿಸಿದ್ದು ನಾಲ್ಕೂ ದಾರಿಯಲ್ಲಿ ಅಳಿಸಿದಂತೆಯೇ ಕಾಣುತ್ತದೆ.

ಇನ್‌ಸ್ಟಾಲ್ ಮುಗಿದ ಮೇಲೆ, ಜನ ಬಳಸಲು ಶುರು ಮಾಡುವ ಮೊದಲು, ಕೇಬಲ್ ಕಿತ್ತು ನೋಡಿ. ಮಲ್ಟಿಪಾಥ್ -ಎಲ್‌ಎಲ್ ಅಂತ ಆಜ್ಞೆ ಕೊಟ್ಟರೆ ಎಂಪಾಥ್‌ಎ ಕೆಳಗೆ ನಾಲ್ಕು ಸಾಲು ಬರಬೇಕು, ನಾಲ್ಕರ ಮುಂದೂ ಆಕ್ಟಿವ್ ರೆಡಿ ಅಂತಿರಬೇಕು. ದೊಡ್ಡ ಫೈಲೊಂದನ್ನು ಕಾಪಿಗೆ ಹಾಕಿ ಒಂದನೇ ಕಾರ್ಡಿನ ಕೇಬಲ್ ಎಳೆಯಿರಿ. ಎರಡು ಸಾಲು ಫೇಲ್ಡ್ ಫಾಲ್ಟಿ ಆಗುತ್ತವೆ, ಕಾಪಿ ಕ್ಷಣ ತಡೆದು ಮುಂದುವರಿಯುತ್ತದೆ. ವಾಪಸ್ ಚುಚ್ಚಿ, ನಾಲ್ಕೂ ಚಾಲೂ ಆದ ಮೇಲೆ ಎರಡನೆಯದನ್ನು ಎಳೆಯಿರಿ. ಅವಸರ ಬೇಡ, ಮೊದಲಿನವು ಏಳುವ ಮುಂಚೆ ಎಳೆದರೆ ಪರೀಕ್ಷೆ ನಿಮ್ಮದೇ ಆಗುತ್ತದೆ.

ಕೊನೆಗೆ ಒಂದೊಂದೇ ಕೇಬಲ್ ಕಿತ್ತಿಟ್ಟು ರೀಸ್ಟಾರ್ಟ್ ಮಾಡಿ. ಹೆಚ್ಚಿನವರು ಬಿಡುವುದು ಇದನ್ನೇ. ಕರ್ನಲ್ ಮೆಮೊರಿಗೆ ಬರುವ ತನಕ ಮಲ್ಟಿಪಾಥ್ ಅನ್ನುವುದೇ ಇರುವುದಿಲ್ಲ. ಅಲ್ಲಿಯವರೆಗೆ ಡಿಸ್ಕ್ ಓದುವುದು ಸರ್ವರ್‌ನೊಳಗೇ ಇರುವ ಫರ್ಮ್‌ವೇರ್ ಅನ್ನುವ ಸಣ್ಣ ಪ್ರೋಗ್ರಾಂ, ಅದಕ್ಕೆ ತನಗೆ ಹೇಳಿಕೊಟ್ಟ ದಾರಿ ಮಾತ್ರ ಗೊತ್ತು. ಎರಡನೇ ಕಾರ್ಡಿನ ಸೆಟ್ಟಿಂಗ್‌ನಲ್ಲೂ ಬೂಟ್ ಡಿಸ್ಕ್ ತೋರಿಸಿರದಿದ್ದರೆ ಮೊದಲ ಕೇಬಲ್ ಇಲ್ಲದೆ ಸರ್ವರ್ ಏಳುವುದಿಲ್ಲ, ಬೂಟ್ ಡಿಸ್ಕ್ ಸಿಕ್ಕಿಲ್ಲ ಅಂತ ಕಪ್ಪು ಪರದೆ ಮೇಲೆ ಬರೆದು ನಿಲ್ಲುತ್ತದೆ.