‘ಹಾಲು ಸಾಲುತ್ತಿಲ್ಲ’ ಎನ್ನುವ ಮುನ್ನ

ಚೊಚ್ಚಲ ಬಾಣಂತಿಯರು ಮಕ್ಕಳ ವೈದ್ಯೆಯಾದ ನನ್ನ ಬಳಿಗೆ ಮೊದಲ ಬಾರಿ ಬರುವುದು ಸಾಮಾನ್ಯವಾಗಿ ಹೆರಿಗೆಯಾದ ಎರಡು ವಾರಗಳೊಳಗೆ. ತೂಕ ನೋಡಲೆಂದೋ ಕಾಮಾಲೆ ಪರೀಕ್ಷಿಸಲೆಂದೋ ಬಂದಿದ್ದರೂ ಕುರ್ಚಿಯಲ್ಲಿ ಕೂತ ಕೂಡಲೇ ಹೊರಬರುವ ಮಾತು ಒಂದೇ: ‘ಹಾಲು ಸಾಲುತ್ತಿಲ್ಲ.’ ಅದನ್ನು ತಾಯಿಗಿಂತ ಮೊದಲು ಜೊತೆಗೆ ಬಂದವರೇ ಹೇಳುವುದೂ ಉಂಟು. ಪರೀಕ್ಷಿಸಿ ನೋಡಿದರೆ ಬಹುಪಾಲು ತಾಯಂದಿರಿಗೆ ಹಾಲು ಸಾಲುತ್ತಲೇ ಇರುತ್ತದೆ. ಆ ಮಾತನ್ನು ನಂಬಿ ಡಬ್ಬಿ ಹಾಲು ಶುರು ಮಾಡಿದ ಮೇಲೆ ಅದು ನಿಜವಾಗಿ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ನಾನು ನೋಡುವ ಮನೆಗಳಲ್ಲಿ ಆರು ತಿಂಗಳು ಬರೀ ಎದೆಹಾಲು ಕೊಡುವ ಸಂಕಲ್ಪ ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ.

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು, ಆರು ತಿಂಗಳು ತುಂಬುವವರೆಗೆ ಎದೆಹಾಲಿನ ಹೊರತು ನೀರನ್ನೂ ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೂ ಮೊದಲ ಗಂಟೆಯಲ್ಲಿ ಎದೆಹಾಲು ಸಿಕ್ಕಿದ್ದು ಶೇ 42ರಷ್ಟು ಮಕ್ಕಳಿಗೆ ಮಾತ್ರ. ವೈದ್ಯರು, ದಾದಿಯರು ಸುತ್ತ ಇರುವಾಗಲೇ ಆ ಗಂಟೆ ಕೈತಪ್ಪುತ್ತಿದೆ ಎಂದರೆ, ಅದರ ಹೊಣೆಯನ್ನು ತಾಯಿಯ ಮೇಲೆ ಹೊರಿಸಲಾಗದು.

ಸಿಸೇರಿಯನ್ ಆದವರ ವಿಷಯದಲ್ಲಿ ಇದು ಇನ್ನೂ ಕಷ್ಟ. ಹೊಲಿಗೆಯ ನೋವು, ಕೈಗೆ ಚುಚ್ಚಿದ ಡ್ರಿಪ್, ಎದ್ದು ಕೂರಲಾಗದ ಸ್ಥಿತಿ. ಮಗು ಇನ್ನೊಂದು ಕೋಣೆಯಲ್ಲಿರುತ್ತದೆ. ಇಂಥ ಹೆರಿಗೆಯ ನಂತರ, ಅದರಲ್ಲೂ ಚೊಚ್ಚಲ ತಾಯಿಗೆ, ಎದೆ ತುಂಬಿಕೊಳ್ಳುವುದು ಮೂರು-ನಾಲ್ಕನೆಯ ದಿನವಾಗಬಹುದು. ಅಲ್ಲಿಯವರೆಗೆ ಬರುವುದು ಹಳದಿ ಛಾಯೆಯ, ಮಂದವಾದ ಗಿಣ್ಣು ಹಾಲು, ಅದೂ ಕೆಲವೇ ಚಮಚಗಳಷ್ಟು. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದೂ ಐದಾರು ಮಿಲಿಲೀಟರಿನ ಆಸುಪಾಸು. ತಾಯಿಯ ಬಳಿ ಇರುವುದಕ್ಕೂ ಮಗುವಿಗೆ ಬೇಕಿರುವುದಕ್ಕೂ ಲೆಕ್ಕ ಸರಿಹೊಂದುತ್ತದೆ. ಆದರೆ ಬಾಟಲಿಯಲ್ಲಿ 30 ಮಿಲಿಲೀಟರ್ ಪುಡಿ ಹಾಲು ಕುಡಿದು ಮಗು ನಿದ್ದೆಹೋಗುವುದನ್ನು ಒಮ್ಮೆ ಕಂಡ ಮನೆಯವರಿಗೆ ಆ ಹನಿಗಳು ಹಾಲು ಎನಿಸುವುದೇ ಇಲ್ಲ.

ಹೀಗೆ ಮೇಲುಹಾಲು ಕೊಟ್ಟಾಗ ಆಗುವುದೇನು? ಮಗು ಚೀಪಿದಾಗ ತಾಯಿಯ ಮೆದುಳಿನಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಅದನ್ನು ತೊಟ್ಟಿನ ಕಡೆಗೆ ಹರಿಸುತ್ತದೆ. ಪ್ರೊಲ್ಯಾಕ್ಟಿನ್ ಪ್ರಮಾಣ ರಾತ್ರಿ ಹೆಚ್ಚು. ನೋವು, ಆತಂಕಗಳಿದ್ದರೆ ಆಕ್ಸಿಟೋಸಿನ್ ಹಿಂಜರಿಯುತ್ತದೆ. ಎದೆಯಲ್ಲಿ ಹಾಲು ಉಳಿದುಹೋದರೆ ಇನ್ನು ಬೇಡವೆಂಬ ಸಂದೇಶ ಅಲ್ಲಿಂದಲೇ ಹೋಗಿ ತಯಾರಿ ತಗ್ಗುತ್ತದೆ. ‘ತಾಯಿ ಮಲಗಲಿ ಪಾಪ’ ಎಂದು ರಾತ್ರಿಯ ಹೊತ್ತು ಬಾಟಲಿ ಹಿಡಿಯುವ ಅಜ್ಜಿಯರ ಪ್ರೀತಿ ನಿಜವಾದದ್ದು, ಆದರೆ ಅದು ಹೊಡೆಯುವುದು ಹಾಲಿನ ಬುಡಕ್ಕೇ. ಇದನ್ನು ನಾನು ವಿವರಿಸುತ್ತಿದ್ದಾಗ ಮಾಗಡಿ ಕಡೆಯ ಅಜ್ಜಿಯೊಬ್ಬರು ತಾವೇ ತಡೆದು, ‘ಅಂದರೆ ಕರೆಯದೆ ಬಿಟ್ಟ ಹಸು ಬತ್ತುತ್ತದಲ್ಲ, ಹಾಗೆ ತಾನೇ ಡಾಕ್ಟರಮ್ಮ?’ ಎಂದರು. ಹಾಗೆಯೇ. ಆ ಮನೆಯಲ್ಲಿ ಮತ್ತೆ ಬಾಟಲಿ ತೊಳೆಯುವ ಪ್ರಸಂಗ ಬರಲಿಲ್ಲ.

ದೂರು ಕೇಳಿದ ತಕ್ಷಣ ನಾನು ಔಷಧಿ ಚೀಟಿ ತೆಗೆಯುವುದಿಲ್ಲ. ನನ್ನೆದುರೇ ಹಾಲು ಕುಡಿಸಲು ಹೇಳುತ್ತೇನೆ. ಆಗ ಸಾಮಾನ್ಯವಾಗಿ ಕಾಣುವುದು ಇದು. ತಾಯಿ ಬೆನ್ನು ಬಾಗಿಸಿ ಎದೆಯನ್ನು ಮಗುವಿನ ಬಾಯಿಗೆ ತರುತ್ತಿರುತ್ತಾಳೆ. ಮಗುವಿನ ಹೊಟ್ಟೆ ಚಾವಣಿಯ ಕಡೆಗಿದ್ದು, ಕತ್ತು ಮಾತ್ರ ಪಕ್ಕಕ್ಕೆ ತಿರುಗಿರುತ್ತದೆ. ಬಾಯೊಳಗಿರುವುದು ಬರೀ ತೊಟ್ಟು. ಚೀಪುವಾಗ ಕೆನ್ನೆ ಗುಳಿ ಬೀಳುತ್ತದೆ, ಚಪ್ ಚಪ್ ಸದ್ದು ಬರುತ್ತದೆ, ತಾಯಿಯ ಕಾಲ್ಬೆರಳುಗಳು ನೋವಿನಿಂದ ಮಡಚಿಕೊಂಡಿರುತ್ತವೆ. ನಾನು ಅವಳ ಬೆನ್ನಿಗೆ ದಿಂಬು ಕೊಟ್ಟು ಒರಗಿಸುತ್ತೇನೆ. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ, ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿ ಬರುವಂತೆ ತಿರುಗಿಸುತ್ತೇನೆ. ಮೂಗು ತೊಟ್ಟಿನ ಎದುರಿಗಿರಬೇಕು. ಆಮೇಲೆ ಕಾಯಬೇಕು; ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆದ ಕ್ಷಣದಲ್ಲಿ ಮಗುವನ್ನು ಎದೆಗೆ ತರಬೇಕು, ಗಲ್ಲ ಮೊದಲು ತಾಗುವಂತೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ, ಅದರಲ್ಲೂ ಕೆಳಗಿನದು, ಆದಷ್ಟೂ ಬಾಯೊಳಗೆ ಹೋಗಬೇಕು. ಸರಿಯಾಗಿ ಹಿಡಿದರೆ ದವಡೆಯ ಚಲನೆ ನಿಧಾನವಾಗುತ್ತದೆ, ನಡುವೆ ಸಣ್ಣ ವಿರಾಮ, ಗುಟುಕರಿಸುವ ಸದ್ದು. ತಾಯಿಯ ಭುಜ ತಾನಾಗಿಯೇ ಇಳಿಯುತ್ತದೆ. ‘ನೋವೇ ಆಗುತ್ತಿಲ್ಲ ಡಾಕ್ಟರ್’ ಎಂದು ಕಣ್ಣೀರು ಹಾಕಿದವರಿದ್ದಾರೆ. ಹಾಲು ಕುಡಿಸುವುದೆಂದರೆ ಹಲ್ಲು ಕಚ್ಚಿ ಸಹಿಸುವುದು ಎಂದು ಅವರಿಗೆ ಅಲ್ಲಿಯವರೆಗೆ ಎಲ್ಲರೂ ಹೇಳಿರುತ್ತಾರೆ. ತೊಟ್ಟು ಒಡೆದಿದೆಯೆಂದರೆ ಬಹುತೇಕ ಹಿಡಿತ ತಪ್ಪಿದೆಯೆಂದೇ ಅರ್ಥ. ಮುಲಾಮು ಹಚ್ಚಿ ಅದೇ ರೀತಿ ಕುಡಿಸುತ್ತಿದ್ದರೆ ಗಾಯ ಮಾಯುವುದಿಲ್ಲ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಲಾಗದು. ಎದೆ ಮೆತ್ತಗಾಯಿತೆಂದಾಗಲಿ, ಪಂಪಿನಲ್ಲಿ ಸ್ವಲ್ಪವೇ ಬಂತೆಂದಾಗಲಿ ತೀರ್ಮಾನಿಸುವುದೂ ತಪ್ಪು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಬಿಟ್ಟೂ ಬಿಡದೆ ಹಾಲು ಕೇಳುವುದು ಎಳೆಗೂಸುಗಳ ಸಹಜ ರೀತಿ. ನೋಡಬೇಕಾದದ್ದು ಮೂತ್ರ ಮತ್ತು ತೂಕ. ಐದನೆಯ ದಿನದ ನಂತರ ದಿನಕ್ಕೆ ಆರು ಬಾರಿಯಾದರೂ ತಿಳಿಬಣ್ಣದ ಮೂತ್ರ ಹೋಗಬೇಕು. ದಿನವಿಡೀ ಡೈಪರ್ ಹಾಕುವ ಮನೆಗಳಲ್ಲಿ ಈ ಲೆಕ್ಕವೇ ಸಿಗುವುದಿಲ್ಲ. ಹಾಗಾಗಿ ಮೊದಲ ಎರಡು ವಾರ ಹಳೆಯ ಹತ್ತಿ ಬಟ್ಟೆಯ ಲಂಗೋಟಿಯನ್ನೇ ಕಟ್ಟಿ ಎನ್ನುತ್ತೇನೆ. ಹುಟ್ಟುತೂಕದಲ್ಲಿ ಶೇ 7ರಷ್ಟು, ಕೆಲವೊಮ್ಮೆ 10ರವರೆಗೂ ಮೊದಲ ದಿನಗಳಲ್ಲಿ ಇಳಿಯುತ್ತದೆ. ಎರಡು ವಾರಗಳಲ್ಲಿ ಅದು ಮರಳಿ ಬಂದು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ನೆಂಟರಿಷ್ಟರು ಏನೇ ಹೇಳಲಿ, ಹಾಲು ಸಾಲುತ್ತಿದೆ.

ಇದರ ಇನ್ನೊಂದು ಮಗ್ಗುಲನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಎಬ್ಬಿಸಿದರೂ ಏಳದ ಮಗು, ಮೂತ್ರ ಕಡಿಮೆಯಾದ ಮಗು, ಕಾಮಾಲೆ ಅಂಗೈ-ಅಂಗಾಲಿಗೆ ಇಳಿದ ಮಗುವನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು. ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದವರಿಗೆ, ಥೈರಾಯ್ಡ್ ತೊಂದರೆ ಹತೋಟಿಯಲ್ಲಿ ಇಲ್ಲದವರಿಗೆ, ಸ್ತನದ ಶಸ್ತ್ರಚಿಕಿತ್ಸೆಯಾದವರಿಗೆ ನಿಜಕ್ಕೂ ಹಾಲು ಕಡಿಮೆಯಾಗಬಹುದು. ಆಗ ಮೊದಲ ಆಯ್ಕೆ ಹಿಂಡಿ ತೆಗೆದ ತಾಯಿಯ ಹಾಲೇ. ಅದು ಸಾಲದಿದ್ದರೆ ದಾನಿಗಳ ಹಾಲು. ವಾಣಿವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಅಂಥ ಹಾಲು ಜೀವರಕ್ಷಕ. ಅದೂ ಸಿಗದಿದ್ದರೆ ಡಬ್ಬಿ ಹಾಲನ್ನು ವೈದ್ಯರು ಹೇಳಿದಷ್ಟೇ, ಬಾಟಲಿ ಬಿಟ್ಟು ಒಳಲೆಯಲ್ಲಿ ಕೊಡಬೇಕು. ಹಾಗೆ ಕೊಡಬೇಕಾಗಿ ಬಂದ ತಾಯಿಯನ್ನು ಯಾರೂ ಚುಚ್ಚಿ ಮಾತನಾಡಬಾರದು. ಆದರೆ ಯಾವ ಕಾರಣವೂ ಇಲ್ಲದೆ ಡಿಸ್ಚಾರ್ಜ್ ಚೀಟಿಯಲ್ಲೇ ಪುಡಿ ಹಾಲಿನ ಹೆಸರು ಬರೆದುಕೊಡುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಪುಡಿ ಹಾಲಿನ ಜಾಹೀರಾತು, ಉಚಿತ ಮಾದರಿ ಹಂಚಿಕೆಗಳನ್ನು ನಿಷೇಧಿಸುವ ಕಾನೂನು 1992ರಲ್ಲೇ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾಗಿದೆ.

ಮನೆಯ ಪದ್ಧತಿಗಳ ಬಗ್ಗೆ ಎರಡು ಮಾತು. ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ಮೆಂತ್ಯ ಬಾಣಂತಿಯ ತಟ್ಟೆಯಲ್ಲಿರಲಿ, ತಕರಾರಿಲ್ಲ. ಬಾಯಾರಿದಾಗಲೂ ಅವಳಿಗೆ ನೀರು ಕೊಡದಿರುವುದು ಮಾತ್ರ ಕೂಡದು. ಮಗುವಿಗೆ ಬಜೆ ತೇಯ್ದು ನೆಕ್ಕಿಸುವುದು, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ, ಬೊಟುಲಿಸಂ ಎಂಬ ಮಾರಕ ಕಾಯಿಲೆಯ ಅಪಾಯವಿದೆ. ಎದೆಹಾಲಿನಲ್ಲಿ ಶೇ 87ಕ್ಕೂ ಹೆಚ್ಚು ನೀರೇ ಇರುವುದರಿಂದ ಏಪ್ರಿಲ್ ಬಿಸಿಲಿನಲ್ಲೂ ಮಗುವಿಗೆ ಬೇರೆ ನೀರು ಬೇಕಿಲ್ಲ. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿಗಳನ್ನು, ದಿನಕ್ಕೆ 400 ಯೂನಿಟ್, ತಪ್ಪಿಸಬಾರದು.

ಇನ್ನು ಕೆಲಸಕ್ಕೆ ಮರಳುವ ಪ್ರಶ್ನೆ. 2017ರಿಂದ ಹೆರಿಗೆ ರಜೆ 26 ವಾರ. ಪೂರ್ತಿ ರಜೆಯನ್ನು ಹೆರಿಗೆಯ ನಂತರವೇ ತೆಗೆದುಕೊಂಡರೆ ಸರಿಸುಮಾರು ಆರು ತಿಂಗಳು ಸಿಗುತ್ತದೆ. ಒಂದು ತಿಂಗಳು ಮುಂಚೆಯೇ ಶುರು ಮಾಡಿದರೆ ಐದಕ್ಕೇ ಮುಗಿಯುತ್ತದೆ. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು ಎಂಬ ನಿಯಮವೂ ಇದೆ. ಹೊರವರ್ತುಲ ರಸ್ತೆಯ ಐಟಿ ಕಚೇರಿಯವರಂತೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವವಳೂ ಅದನ್ನು ಕೇಳಿ ಪಡೆಯಬೇಕಾದ್ದು ಹಕ್ಕಿನಿಂದ. ಎರಡೇ ತಿಂಗಳಿಗೆ ನಿಮ್ಮ ಮನೆಯ ಪಾತ್ರೆ ತೊಳೆಯಲು ಮರಳುವ ಹೆಂಗಸಿಗೆ ಇಂಥ ರಜೆ ಯಾರೂ ಕೊಡುವುದಿಲ್ಲ. ಅವಳ ಸಂಬಳ ಹಿಡಿಯದೆ ಇನ್ನೊಂದಿಷ್ಟು ವಾರ ಬಿಡುವು ಕೊಡುವುದು, ಬಂದ ಮೇಲೆ ನಡುವೆ ಹೋಗಿ ಮಗುವಿಗೆ ಹಾಲುಣಿಸಿ ಬರಲು ಬಿಡುವುದು ನಿಮ್ಮ ಕೈಯಲ್ಲೇ ಇದೆ.

ಹಾಲು ಹಿಂಡಿಡಲು ದುಬಾರಿ ಪಂಪು ಬೇಕೆಂದೇನಿಲ್ಲ. ಕೈ ತೊಳೆದು, ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು, ಎದೆಗೂಡಿನ ಕಡೆ ಒತ್ತಿ ಬಿಡುತ್ತಾ ಹೋದರೆ ಹಾಲು ಬರುತ್ತದೆ. ಕೆಲಸಕ್ಕೆ ಹೋಗುವ ಎರಡು-ಮೂರು ವಾರ ಮುಂಚೆಯೇ ರೂಢಿ ಮಾಡಿಕೊಳ್ಳಬೇಕು. ಫ್ರಿಜ್‌ನಲ್ಲಿ, ಬಾಗಿಲಿನ ಕಡೆಗಲ್ಲದೆ ಒಳಗಿಟ್ಟರೆ, ನಾಲ್ಕು ದಿನ ಇರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಕುದಿಸಿ ಒಣಗಿಸಿದ ಸ್ಟೀಲ್ ಡಬ್ಬಿಗೆ ಮುಚ್ಚಳ ಹಾಕಿ ತಂಪಾದ ಜಾಗದಲ್ಲಿಟ್ಟರೆ ನಾಲ್ಕು ಗಂಟೆ. ಸೆಕೆಗಾಲದ ಮಧ್ಯಾಹ್ನ ಅದಕ್ಕೂ ಮುಂಚೆ ಕುಡಿಸಿಬಿಡಬೇಕು. ಅದನ್ನು ಒಲೆಯ ಮೇಲಿಟ್ಟು ಕಾಯಿಸಬಾರದು. ಬಿಸಿನೀರಿನ ಬಟ್ಟಲಲ್ಲಿ ಡಬ್ಬಿಯನ್ನಿಟ್ಟು ಬೆಚ್ಚಗಾದ ಮೇಲೆ ಒಳಲೆಯಲ್ಲಿ ಕುಡಿಸಿ, ಮಗು ಕುಡಿದು ಉಳಿಸಿದ್ದನ್ನು ಚೆಲ್ಲಬೇಕು.