1 ಎಚ್‌ಪಿ ಪಂಪು, 48 ವೋಲ್ಟ್ ಇನ್ವರ್ಟರ್: ಬ್ಯಾಟರಿ ಫ್ಯೂಸ್ ಲೆಕ್ಕ

ಲೆಕ್ಕಕ್ಕೆ ಹಿಡಿದದ್ದು: ಸಿಂಗಲ್ ಫೇಸ್ ಮೊನೊಬ್ಲಾಕ್ ಪಂಪು, 5 ಕೆವಿಎ ಇನ್ವರ್ಟರ್, 16 ಸೆಲ್‌ಗಳ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಪಂಪು ಓಡುವಾಗ ಸುಮಾರು 1.1 ಕಿಲೋವ್ಯಾಟ್, ಬ್ಯಾಟರಿ ಕಡೆ 27 ಆಂಪಿಯರ್. ಅಲ್ಲೇನೂ ತೊಡಕಿಲ್ಲ.

ಸ್ಟಾರ್ಟಿಂಗ್ ಕರೆಂಟು

ಓಡುವಾಗಿನ ಆರೂವರೆ ಆಂಪಿಯರ್, ಸ್ಟಾರ್ಟ್ ಆಗುವ ಅರ್ಧ-ಒಂದು ಸೆಕೆಂಡ್ ಸುಮಾರು ಆರು ಪಟ್ಟಾಗುತ್ತದೆ. 38 ಅಂತ ಹಿಡಿಯೋಣ. 230 × 38 = 8740 ವಿಎ. ಇದನ್ನು ನೇರ 48ರಿಂದ ಭಾಗಿಸಿದರೆ 182 ಆಂಪಿಯರ್ ಬರುತ್ತದೆ, ಕೈ 250ರ ಫ್ಯೂಸ್ ಕಡೆಗೆ ಹೋಗುತ್ತದೆ. ಎಡವುವುದು ಇಲ್ಲೇ: ವಿಎ (ವೋಲ್ಟ್ × ಆಂಪಿಯರ್) ಬೇರೆ, ನಿಜವಾಗಿ ಖರ್ಚಾಗುವ ವ್ಯಾಟ್ ಬೇರೆ. ಸ್ಟಾರ್ಟ್ ಆಗುವ ಮೋಟರಿನ ಪವರ್ ಫ್ಯಾಕ್ಟರ್, ಅಂದರೆ ವಿಎಯಲ್ಲಿ ವ್ಯಾಟಿನ ಪಾಲು, 0.6ರ ಆಸುಪಾಸು. ಉಳಿದ ಕರೆಂಟು ಮೋಟರಿಗೂ ಇನ್ವರ್ಟರಿನ ಡಿಸಿ ಕೆಪಾಸಿಟರಿಗೂ ನಡುವೆ ಹೋಗಿ ಬರುತ್ತಿರುತ್ತದೆ. ಬ್ಯಾಟರಿ ಸರಾಸರಿಯಲ್ಲಿ ಕೊಡುವುದು ವ್ಯಾಟ್ ಮಾತ್ರ.

8740 × 0.6 = 5240 ವ್ಯಾಟ್
ಇನ್ವರ್ಟರ್ ದಕ್ಷತೆ 0.85 ಅಂದರೆ ಬ್ಯಾಟರಿಯಿಂದ 6170 ವ್ಯಾಟ್
÷ 48 = 128 ಆಂಪಿಯರ್

ಬ್ಯಾಟರಿ 44 ವೋಲ್ಟಿಗೆ ಕುಸಿದಿದ್ದರೆ ಅದೇ ಕೆಲಸಕ್ಕೆ 140. ವೋಲ್ಟೇಜ್ ಇಳಿದಷ್ಟೂ ಇನ್ವರ್ಟರ್ ಹೆಚ್ಚು ಎಳೆಯುತ್ತದೆ.

ಬಾಯಿಲೆಕ್ಕಕ್ಕೆ: ಕಿಲೋವ್ಯಾಟಿಗೆ 48 ವೋಲ್ಟಿನಲ್ಲಿ 25 ಆಂಪಿಯರ್, 24ರಲ್ಲಿ 50, 12ರಲ್ಲಿ 100. ಇದೇ ಪಂಪಿಗೆ 12 ವೋಲ್ಟಿನಲ್ಲಿ 500 ದಾಟುತ್ತದೆ. ಆ ಆಸೆ ಬಿಡುವುದೇ ಒಳ್ಳೆಯದು.

ಫ್ಯೂಸ್

ಫ್ಯೂಸ್ ಆರಿಸುವುದು ಇನ್ವರ್ಟರಿನ ಪೂರ್ಣ ಲೋಡ್ ನೋಡಿ, ಮೋಟರ್ ನೋಡಿ ಅಲ್ಲ. ಪೂರ್ಣ ಲೋಡಿನಲ್ಲಿ ದಕ್ಷತೆ 0.9 ಅಂತ ಹಿಡಿದರೆ 5000 ÷ (44 × 0.9) = 126; ಅದರ ಒಂದೂಕಾಲು ಪಟ್ಟು 158. ಹಾಗಾಗಿ 160ರ ಫ್ಯೂಸ್, 50 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್. ಸೆಕೆಂಡಿನ 128 ಆಂಪಿಯರ್ ಅದಕ್ಕೆ ಲೆಕ್ಕಕ್ಕಿಲ್ಲ. ಚಾರ್ಜಿಂಗ್ ವೋಲ್ಟೇಜ್ 58.4ರವರೆಗೆ ಹೋಗುವುದರಿಂದ 32 ವೋಲ್ಟಿನ ಗಾಡಿ ಫ್ಯೂಸ್ ಬೇಡ. ಎಸಿ ಎಂಸಿಬಿಯೂ ಬೇಡ, ಡಿಸಿ ಆರ್ಕ್ (ಕಾಂಟ್ಯಾಕ್ಟ್ ಬಿಡುವಾಗಿನ ಕಿಡಿ) ಅದರಲ್ಲಿ ಆರುವ ಭರವಸೆಯಿಲ್ಲ.

ನಿಜವಾಗಿ ಟ್ರಿಪ್ ಆಗುವುದು ಬಿಎಂಎಸ್

100 ಎಎಚ್ ಬ್ಯಾಟರಿಯ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಒಳಗಿನ ಸರ್ಕ್ಯೂಟ್) ಸಾಮಾನ್ಯವಾಗಿ ಸತತ 100 ಆಂಪಿಯರಿನದು. ಪೂರ್ಣ 5 ಕಿಲೋವ್ಯಾಟ್ ಬೇಕಿದ್ದರೆ ಎರಡು ಬ್ಯಾಟರಿ ಪ್ಯಾರಲಲ್ ಹಾಕಿ, ಪ್ರತಿಯೊಂದಕ್ಕೂ ಬೇರೆ ಫ್ಯೂಸ್ ಕೊಡಬೇಕು. ಒಂದರಲ್ಲೇ ಪಂಪು ನಡೆಸುವುದಾದರೆ ಡೇಟಾಶೀಟಿನಲ್ಲಿ ಓವರ್‌ಕರೆಂಟ್ ಮಿತಿ ಮತ್ತು ಅದರ ವಿಳಂಬ, ಎರಡನ್ನೂ ಒಟ್ಟಿಗೆ ಓದಬೇಕು. 150 ಆಂಪಿಯರ್, 10 ಸೆಕೆಂಡ್ ಅಂತಿದ್ದರೆ ಪಂಪು ಏಳುತ್ತದೆ. 120 ಆಂಪಿಯರ್, 100 ಮಿಲಿಸೆಕೆಂಡ್ ಅಂತಿದ್ದರೆ ಏಳುವುದಿಲ್ಲ.

ಇನ್ನೊಂದು: 128 ಬರೀ ಸರಾಸರಿ. ಸಿಂಗಲ್ ಫೇಸ್ ಲೋಡಿನಲ್ಲಿ ಬ್ಯಾಟರಿ ಕರೆಂಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಡಿಸಿ ಕೆಪಾಸಿಟರ್ ಹಳತಾಗಿದ್ದರೆ ಕ್ಷಣಿಕ ಏರಿಕೆ ಸರಾಸರಿಯ ಎರಡು ಪಟ್ಟನ್ನೂ ಮೀರಬಹುದು. ಫ್ಯೂಸ್ ಬಿಸಿಯಾಗಲು ಹೊತ್ತು ಬೇಕು, ಅದು ತಡೆದುಕೊಳ್ಳುತ್ತದೆ. ಬಿಎಂಎಸ್ಸಿನ ವೇಗದ ಶಾರ್ಟ್ ಸರ್ಕ್ಯೂಟ್ ಸೆನ್ಸಿಂಗ್ ತಡೆದುಕೊಳ್ಳದೇ ಇರಬಹುದು. ಮಾಮೂಲಿ ಕ್ಲಾಂಪ್ ಮೀಟರಿನಲ್ಲಿ ಇದು ಕಾಣುವುದೇ ಇಲ್ಲ; ಡಿಸಿ ಅಳೆಯುವ, ಇನ್‌ರಷ್ ಮೋಡ್ (ಕ್ಷಣಿಕ ಏರಿಕೆ ಹಿಡಿಯುವುದು) ಇರುವ ಮೀಟರ್ ಬೇಕು.

ಇನ್ವರ್ಟರಿಗೆ ಸರ್ಜ್ (ಕ್ಷಣಿಕ ಹೆಚ್ಚುವರಿ ಲೋಡ್) ಹೊರುವ ತಾಕತ್ತು ಸಾಲದಿದ್ದರೂ ಆಪಾದನೆ ಬ್ಯಾಟರಿಗೇ ಬರುತ್ತದೆ. ಔಟ್‌ಪುಟ್ ವೋಲ್ಟೇಜ್ 80 ಪರ್ಸೆಂಟಿಗೆ ಇಳಿದರೆ ಟಾರ್ಕ್ (ಮೋಟರ್ ತಿರುಗಿಸುವ ಬಲ) 64 ಪರ್ಸೆಂಟ್ ಆಗುತ್ತದೆ. ಒಂದು ಸೆಕೆಂಡಿನ ಸ್ಟಾರ್ಟಿಂಗ್ ಮೂರು-ನಾಲ್ಕಕ್ಕೆ ಎಳೆದು ಬಿಎಂಎಸ್ ವಿಳಂಬವನ್ನು ದಾಟಿಬಿಡಬಹುದು.

ಪಂಪು ಜಾಮ್ ಆದರೆ

ಆಗ ಇನ್ವರ್ಟರ್ ಅಥವಾ ಬಿಎಂಎಸ್ ಟ್ರಿಪ್ ಆಗುವವರೆಗೆ 128 ಆಂಪಿಯರ್ ಇಳಿಯುವುದೇ ಇಲ್ಲ, 160ರ ಫ್ಯೂಸ್ ಹಾರುವುದೂ ಇಲ್ಲ. ಫ್ಯೂಸ್ ಇರುವುದು ಕೇಬಲ್ ಕಾಯುವುದಕ್ಕೆ. ವೈಂಡಿಂಗ್ ಉಳಿಯಬೇಕೆಂದರೆ ಎಸಿ ಕಡೆ ಓವರ್‌ಲೋಡ್ ರಿಲೇ ಹಾಕಿ, ನೇಮ್‌ಪ್ಲೇಟಿನ ಕರೆಂಟಿಗೆ ಸೆಟ್ ಮಾಡಬೇಕು.